ಹಳೆ ಮಷೀನಿಗೆ ಲಿನಕ್ಸ್: ನುಡಿ ಫೈಲು, 1020 ಪ್ರಿಂಟರು, ಟ್ಯಾಲಿ ಇರೋ ಅಂಗಡಿಯಲ್ಲಿ ಎಲ್ಲಿಂದ ಶುರು ಮಾಡೋದು?

ಮಂಡಿಪೇಟೆ (ದಾವಣಗೆರೆ)

ಡಿಟಿಪಿ, ಜೆರಾಕ್ಸ್ ಅಂಗಡಿಯ ಮೂರು ಮಷೀನಿನ ಬಗ್ಗೆ ಸಲಹೆ ಬೇಕಾಗಿತ್ರಿ. ಮೂರರಲ್ಲೂ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಅಪ್‌ಡೇಟ್ ನಿಂತಿದೆ. 11 ಹಾಕೋಣ ಅಂದ್ರೆ ಮೂರಕ್ಕೂ ಆಗಲ್ಲ ಅಂತ ತೋರಿಸ್ತಿದೆ.

ಮೊದಲನೇದು ಎಚ್61 ಬೋರ್ಡಿನ ಡೆಸ್ಕ್‌ಟಾಪ್: ಐ3 2120, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್ ಎಲ್ಲಾ ಇದರಲ್ಲೇ. ಎರಡನೇದು ಲ್ಯಾಪ್‌ಟಾಪ್: ಐ5 7200ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಮೂರನೇದು ದಲಾಲಿ ಮಂಡಿಗಳ ಲೆಕ್ಕ ಬರೆಯೋ ಟ್ಯಾಲಿ ಮಷೀನು, ಡಿಜಿಟಲ್ ಸಹಿಯ ಟೋಕನ್ನೂ ಇದಕ್ಕೇ ಚುಚ್ಚೋದು.

ಪ್ರಿಂಟರು ಎಚ್‌ಪಿ ಲೇಸರ್‌ಜೆಟ್ 1020, ಎಪ್ಸನ್ ಎಲ್3110, ಜೊತೆಗೆ ಹಳೇ ಕ್ಯಾನನ್ ಎಲ್‌ಬಿಪಿ 2900. ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಮಾಡಿದ ಹತ್ತು ಹನ್ನೆರಡು ವರ್ಷದ ಫೈಲುಗಳಿವೆ, ಅವನ್ನ ಕಳಕೊಳ್ಳೋ ಹಾಗಿಲ್ಲ. ವಿಂಡೋಸ್ ಥರದ್ದೇ ಉಚಿತ ವ್ಯವಸ್ಥೆ ಲಿನಕ್ಸ್ ಹಾಕೋಣ ಅಂತಿದೀನಿ. ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಹಾಕಬೇಕು? ವಿಂಡೋಸ್ ಜೊತೆಗೇ ಇಟ್ಟುಕೊಳ್ಳಬಹುದಾ?

ಚಂದ್ರವಳ್ಳಿ (ಚಿತ್ರದುರ್ಗ)

ಡಿಸ್ಟ್ರೋ ಯಾವುದು ಅನ್ನೋದು ಕೊನೆಯ ಪ್ರಶ್ನೆ. ನಿಮ್ಮಂಥ ಅಂಗಡಿಯಲ್ಲಿ ಲಿನಕ್ಸ್ ನಿಲ್ಲುತ್ತೋ ಇಲ್ಲವೋ ಅಂತ ತೀರ್ಮಾನ ಮಾಡೋದು ಮೂರೇ ವಿಷಯ: ಡಿಸ್ಕು, ಪ್ರಿಂಟರು, ಹಳೇ ನುಡಿ ಫೈಲು. ಈ ಮೂರನ್ನೂ ಇನ್‌ಸ್ಟಾಲ್ ಮಾಡೋ ಮುಂಚೆಯೇ ಪರೀಕ್ಷೆ ಮಾಡಬಹುದು.

ಡೆಸ್ಕ್‌ಟಾಪಿನಿಂದ ಶುರು ಮಾಡ್ರಿ. ಅದು ನಿಧಾನ ಆಗಿರೋದು ಪ್ರೊಸೆಸರ್‌ನಿಂದಲ್ಲ, ಹಾರ್ಡ್‌ಡಿಸ್ಕಿನಿಂದ. 240 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕ್) ಒಂದು ತಗೊಳ್ರಿ. ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟು ಸೆಕೆಂಡಿಗೆ 3 ಗಿಗಾಬಿಟ್‌ನದ್ದು. ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಅಲ್ಲಿ ಸಿಗಲ್ಲ, ಅದಕ್ಕೆ ದುಬಾರಿ ಮಾಡೆಲ್ ತಗೊಂಡು ದುಡ್ಡು ಕಳೀಬೇಡ್ರಿ. ಸಣ್ಣ ಸಣ್ಣ ಫೈಲುಗಳನ್ನ ಹುಡುಕಿ ಓದೋದರಲ್ಲಿ ಹಾರ್ಡ್‌ಡಿಸ್ಕಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಮಷೀನು ಚುರುಕಾಗೋದು ಅದರಿಂದಲೇ.

ರ‍್ಯಾಮ್ ಇನ್ನೊಂದು 4 ಜಿಬಿ ಡಿಡಿಆರ್3 1333 ಕಡ್ಡಿ ಹಾಕಿ 8 ಮಾಡ್ರಿ. ಹಾಕಿದ ಮೇಲೆ ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷೆ ಮಾಡೋ ಪ್ರೋಗ್ರಾಂ) ಒಂದು ಸುತ್ತು ಪೂರ್ತಿ ಓಡಿಸ್ರಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೆಟ್ಟಿದ್ದರೆ ಇನ್‌ಸ್ಟಾಲ್ ನಡುವೆ ಫೈಲು ಕೆಡುತ್ತೆ, ಜನ ಲಿನಕ್ಸನ್ನ ಬೈತಾರೆ.

ಇನ್ನೊಂದು, ಬೋರ್ಡಿನ ಮೇಲಿರೋ ಸಿಆರ್2032 ನಾಣ್ಯದ ಸೆಲ್. ಅಷ್ಟು ಹಳೇ ಬೋರ್ಡಿನಲ್ಲಿ ಅದು ಸತ್ತಿರೋದೇ ಹೆಚ್ಚು. ಪ್ಲಗ್ ತೆಗೆದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತೆ. ಆಗ ಬ್ರೌಸರ್ ಎಲ್ಲಾ ಸೈಟಿಗೂ ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತೆ, ಅಪ್‌ಡೇಟ್ ಕೊಟ್ಟರೆ ‘ರಿಲೀಸ್ ಫೈಲು ಇನ್ನೂ ಜಾರಿಗೆ ಬಂದಿಲ್ಲ’ ಅನ್ನೋ ಅರ್ಥದ ದೋಷ ಬರುತ್ತೆ. ಗಂಟೆಗಟ್ಟಲೆ ಇಂಟರ್ನೆಟ್ ಸೆಟ್ಟಿಂಗ್ ಹುಡುಕೋ ಬದಲು ಸೆಲ್ ಬದಲಾಯಿಸಿ ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ತಾರೀಖು ಸರಿ ಮಾಡ್ರಿ.

ಕೇಸ್ ಬಿಚ್ಚಿದಾಗ ಪ್ರೊಸೆಸರ್ ಫ್ಯಾನಿನ ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಬಿಡ್ರಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ, ಚಿತ್ರದುರ್ಗದ ಕೆಂಪು ಧೂಳಿಗೆ ಇದು ವರ್ಷಕ್ಕೊಂದು ಸಲ ಮಾಡಲೇಬೇಕಾದ ಕೆಲಸ.

ಮಾರಿಕಣಿವೆ (ಹಿರಿಯೂರು)

ಚಂದ್ರವಳ್ಳಿಯವರ ಮಾತು ಸರಿ. ಡಿಸ್ಟ್ರೋ ವಿಷಯಕ್ಕೆ ನಾನು ನೇರವಾಗಿ ಹೇಳ್ತೀನಿ: ಲಿನಕ್ಸ್ ಮಿಂಟ್ 22 ಸರಣಿ. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತೆ. ರ‍್ಯಾಮ್ 4 ಜಿಬಿಯಲ್ಲೇ ಉಳಿಯೋದಾದ್ರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಇದ್ದರೆ ಸಿನಮನ್. ಡೆಬಿಯನ್ 13 ಕೂಡ ಗಟ್ಟಿ, ಆದ್ರೆ ಪ್ರಿಂಟರು, ಡ್ರೈವರ್ ಹಾಕೋ ಹೊತ್ತಿಗೆ ಮಿಂಟ್‌ನ ಕಿಟಕಿಗಳಲ್ಲಿ ಕೆಲಸ ಬೇಗ ಮುಗಿಯುತ್ತೆ.

ಮಿಂಟ್ ಹಾಕೋಕೆ ಇಳಿಸಿಕೊಳ್ಳಬೇಕಾದ ಐಎಸ್‌ಒ ಫೈಲು 3 ಜಿಬಿ ಆಸುಪಾಸು, 8 ಜಿಬಿ ಪೆನ್‌ಡ್ರೈವ್ ಸಾಕು. ಇಳಿಸಿಕೊಂಡ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ಟ್‌ಯುಟಿಲ್ ಬಳಸಿ ಎಸ್‌ಎಚ್‌ಎ256 ಮೊತ್ತ (ಫೈಲಿನ ಗುರುತು ಸಂಖ್ಯೆ) ತೆಗೆದು, ಮಿಂಟ್ ತಾಣದಲ್ಲಿ ಕೊಟ್ಟಿರೋ ಸಂಖ್ಯೆಗೆ ತಾಳೆ ನೋಡ್ರಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿದ್ದು ಅರ್ಧಂಬರ್ಧ ಆಗಿರೋ ಸಾಧ್ಯತೆ ಇರುತ್ತೆ. ತಾಳೆ ಆಗದಿದ್ದರೆ ಮತ್ತೆ ಇಳಿಸಬೇಕು, ಬೇರೆ ದಾರಿ ಇಲ್ಲ.

ಆ ಫೈಲಿನಿಂದ ಬೂಟ್ ಆಗೋ ಪೆನ್‌ಡ್ರೈವ್ ಮಾಡೋಕೆ ರೂಫಸ್ ಆಗಬಹುದು, ವೆಂಟಾಯ್ ಆಗಬಹುದು. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಇನ್ಫೋ32 ತೆಗೆದು ‘ಬಯಾಸ್ ಮೋಡ್’ ಅನ್ನೋ ಸಾಲು ನೋಡ್ರಿ. ಎಚ್61 ಕಾಲದ ಮಷೀನುಗಳಲ್ಲಿ ವಿಂಡೋಸ್ ‘ಲೆಗಸಿ’ಯಲ್ಲಿ (ಬೂಟ್ ಆಗೋ ಹಳೇ ವಿಧಾನ) ಕೂತಿರೋದು ಸಾಮಾನ್ಯ. ಲ್ಯಾಪ್‌ಟಾಪ್‌ನಲ್ಲಿ ‘ಯುಇಎಫ್‌ಐ’ (ಹೊಸ ವಿಧಾನ) ಇರುತ್ತೆ. ವಿಂಡೋಸ್ ಯಾವುದರಲ್ಲಿದೆಯೋ ಲಿನಕ್ಸೂ ಅದರಲ್ಲೇ ಹಾಕಬೇಕು. ಒಂದು ಲೆಗಸಿ, ಒಂದು ಯುಇಎಫ್‌ಐ ಆದರೆ ಎರಡೂ ಚೆನ್ನಾಗೇ ಇರುತ್ತವೆ, ಆದರೆ ಗ್ರಬ್ ಮೆನುವಿನಿಂದ (ಮಷೀನು ಏಳುವಾಗ ಯಾವ ಸಿಸ್ಟಮ್ ಬೇಕು ಅಂತ ಕೇಳೋ ಪಟ್ಟಿ) ವಿಂಡೋಸ್ ಎಬ್ಬಿಸೋಕೆ ಆಗಲ್ಲ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಅದೇ ಕಾರಣ, ಬೇಕಾದ್ದನ್ನ ನೋಡಿ ಆರಿಸ್ರಿ.

ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಇನ್‌ಸ್ಟಾಲ್ ಮಾಡದೆಯೇ) ಎದ್ದ ಮೇಲೆ ಇನ್‌ಸ್ಟಾಲ್ ಒತ್ತಬೇಡ್ರಿ. ವೈಫೈ ಹಿಡಿಯುತ್ತಾ, ಸೌಂಡ್ ಬರುತ್ತಾ, ಲ್ಯಾಪ್‌ಟಾಪ್ ಮಡಚಿ ತೆಗೆದರೆ ಏಳುತ್ತಾ, ಎಪ್ಸನ್‌ನಲ್ಲಿ ಒಂದು ಹಾಳೆ ಪ್ರಿಂಟ್ ಆಗುತ್ತಾ, ಹಳೇ ನುಡಿ ಫೈಲು ತೆರೆದರೆ ಏನು ಕಾಣುತ್ತೆ, ಇದಿಷ್ಟೂ ಅಲ್ಲೇ ನೋಡ್ರಿ. ಡಿಸ್ಕಿಗೆ ಒಂದು ಗೆರೆಯೂ ಬೀಳಲ್ಲ.

ಮಂಡಿಪೇಟೆ (ದಾವಣಗೆರೆ)

ಲ್ಯಾಪ್‌ಟಾಪ್ ಲೈವ್‌ನಲ್ಲಿ ಎದ್ದಿತು. ಆದ್ರೆ ಇನ್‌ಸ್ಟಾಲರ್‌ನಲ್ಲಿ ಹಾರ್ಡ್‌ಡಿಸ್ಕೇ ಕಾಣ್ತಿಲ್ಲ. ವೈಫೈ ಕೂಡ ಹಿಡೀತಿಲ್ಲ, ಬ್ರಾಡ್‌ಕಾಮ್ ಅಂತ ತೋರಿಸ್ತಿದೆ.

ಚಂದ್ರವಳ್ಳಿ (ಚಿತ್ರದುರ್ಗ)

ಡಿಸ್ಕ್ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡೋ ರೀತಿ) ‘ಆರ್‌ಎಸ್‌ಟಿ’ ಅಥವಾ ‘ರೇಡ್’ ಅಂತ ಇರುತ್ತೆ. ಅದನ್ನ ‘ಎಎಚ್‌ಸಿಐ’ ಮಾಡಬೇಕು. ಆದರೆ ಸೀದಾ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆಗೆ ಬೀಳುತ್ತೆ, ಯಾಕಂದ್ರೆ ಎಎಚ್‌ಸಿಐ ಡ್ರೈವರನ್ನ ಅದು ಶುರುವಿನಲ್ಲಿ ಎತ್ತಿಕೊಳ್ಳೋ ಹಾಗೆ ಸಿದ್ಧವಾಗಿರಲ್ಲ. ಕ್ರಮ ಹೀಗೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಅಥವಾ ಬಿಟ್‌ಲಾಕರ್ (ಡಿಸ್ಕಿಗೆ ಹಾಕಿದ ಗುಪ್ತ ಬೀಗ) ಚಾಲೂ ಇದೆಯಾ ನೋಡ್ರಿ. ಇದ್ದರೆ 48 ಅಂಕಿಯ ರಿಕವರಿ ಕೀಯನ್ನ ಕಾಗದದ ಮೇಲೆ ಪ್ರಿಂಟ್ ತಗೊಂಡು, ಆಮೇಲೆ ಎನ್‌ಕ್ರಿಪ್ಷನ್ ಪೂರ್ತಿ ತೆಗೀರಿ. ಕೀ ಇಲ್ಲದೆ ಬಯಾಸ್ ಮುಟ್ಟಿದರೆ ಫೈಲುಗಳ ಆಸೆ ಬಿಡಬೇಕಾಗಬಹುದು. ಈ ಹೆಜ್ಜೆ ಮಾತ್ರ ಯಾರೂ ಬಿಡಬೇಡ್ರಿ.

ನಂತರ ಎಂಎಸ್‌ಕಾನ್ಫಿಗ್ ತೆಗೆದು ಬೂಟ್ ಪುಟದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ ರೀಸ್ಟಾರ್ಟ್ ಮಾಡ್ರಿ. ಏಳುವಾಗಲೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ ಸೇವ್ ಮಾಡ್ರಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತೆ, ಡ್ರೈವರ್ ತಾನೇ ಹೊಂದಿಸಿಕೊಳ್ಳುತ್ತೆ. ಮತ್ತೆ ಎಂಎಸ್‌ಕಾನ್ಫಿಗ್‌ನಲ್ಲಿ ಆ ಗುರುತು ತೆಗೆದು ರೀಸ್ಟಾರ್ಟ್.

ಆಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್ ಒಳಗೆ ‘ಫಾಸ್ಟ್ ಸ್ಟಾರ್ಟಪ್’ ತೆಗೀರಿ. ಅದು ಇದ್ದರೆ ವಿಂಡೋಸ್ ನಿಜವಾಗಿ ಆಫ್ ಆಗಲ್ಲ, ಅರೆನಿದ್ದೆಯಲ್ಲಿರುತ್ತೆ. ಲಿನಕ್ಸ್ ಆ ಡ್ರೈವನ್ನ ಓದೋಕೆ ಮಾತ್ರ ತೆರೆಯುತ್ತೆ, ಬರೆಯೋಕೆ ಬಿಡಲ್ಲ. ಹಾಗೆ ಬಿಡದಿರೋದೇ ಒಳ್ಳೇದು, ಬಲವಂತ ಮಾಡಿ ಬರೆದರೆ ಫೈಲು ಕೆಡುತ್ತೆ.

ಲ್ಯಾಪ್‌ಟಾಪ್‌ನಲ್ಲಿ ಜಾಗ ಬಿಡಿಸೋದನ್ನ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಮಾಡ್ರಿ. 1 ಟಿಬಿಯಲ್ಲಿ 100 ಜಿಬಿ ‘ಶ್ರಿಂಕ್’ ಮಾಡಿದರೆ ಧಾರಾಳ. ಅಷ್ಟು ಕೊಡಲ್ಲ ಅಂದರೆ ಪೇಜ್‌ಫೈಲೋ ಹೈಬರ್ನೇಷನ್ ಫೈಲೋ ಡಿಸ್ಕಿನ ನಡುವೆ ಕೂತಿದೆ ಅಂತ ಅರ್ಥ. ಎರಡನ್ನೂ ತಾತ್ಕಾಲಿಕವಾಗಿ ತೆಗೆದು ಮತ್ತೆ ಪ್ರಯತ್ನಿಸ್ರಿ. ಇನ್‌ಸ್ಟಾಲ್ ಮಾಡುವಾಗ ಈಗಾಗಲೇ ಇರೋ ಇಎಫ್‌ಐ ಪಾರ್ಟಿಷನ್ನನ್ನ ಫಾರ್ಮ್ಯಾಟ್ ಮಾಡಬೇಡ್ರಿ, ವಿಂಡೋಸಿನ ಬೂಟ್ ಫೈಲೂ ಅದರಲ್ಲೇ ಇರೋದು.

ಡೆಸ್ಕ್‌ಟಾಪಿಗೆ ಬೇರೆ ದಾರಿ, ಅದೇ ಉತ್ತಮ. ಹಳೇ ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ ಕಿತ್ತು, ಹೊಸ ಎಸ್‌ಎಸ್‌ಡಿ ಒಂದನ್ನೇ ಇಟ್ಟು ಇನ್‌ಸ್ಟಾಲ್ ಮಾಡ್ರಿ. ಕೇಬಲ್ ಕೀಳೋದು ಯಾಕಂದ್ರೆ ಈ ಇನ್‌ಸ್ಟಾಲರ್ ಎರಡು ಡಿಸ್ಕ್ ಇದ್ದಾಗ ಬೂಟ್‌ಲೋಡರನ್ನ ಎಷ್ಟೋ ಸಲ ಮೊದಲ ಡಿಸ್ಕಿಗೇ ಹಾಕಿಬಿಡುತ್ತೆ. ಮುಂದೆ ಆ ಹಳೇ ಡಿಸ್ಕ್ ಕೆಟ್ಟ ದಿನ ಲಿನಕ್ಸೂ ಏಳಲ್ಲ. 240 ಜಿಬಿಯಲ್ಲಿ ರೂಟಿಗೆ (ಸಿಸ್ಟಮ್ ಇರೋ ಜಾಗ) 50, ಉಳಿದದ್ದು ಹೋಮ್‌ಗೆ (ನಿಮ್ಮ ಫೈಲಿನ ಜಾಗ). ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಬಳಸೋ ಜಾಗ) ಬೇರೆ ಪಾರ್ಟಿಷನ್ ಬೇಡ, ಸ್ವಾಪ್ ಫೈಲು ತಾನೇ ಆಗುತ್ತೆ. ಮುಗಿದ ಮೇಲೆ ಹಳೇ ಡಿಸ್ಕ್ ಜೋಡಿಸಿ, ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯೋ ಕಿಟಕಿ) ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟರೆ ವಿಂಡೋಸ್ ಮೆನುವಿಗೆ ಬರುತ್ತೆ.

ಮಾರಿಕಣಿವೆ (ಹಿರಿಯೂರು)

ಬ್ರಾಡ್‌ಕಾಮ್ ವೈಫೈಗೆ: ಮೊಬೈಲನ್ನ ಡೇಟಾ ಕೇಬಲ್‌ನಲ್ಲಿ ಚುಚ್ಚಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ತಕ್ಷಣ ಇಂಟರ್ನೆಟ್ ಬರುತ್ತೆ, ಡ್ರೈವರ್ ಬೇಕಾಗಲ್ಲ. ಇನ್‌ಸ್ಟಾಲ್ ಆದ ಮೇಲೆ ಹಾಗೇ ಟೆದರಿಂಗ್‌ನಲ್ಲಿಟ್ಟು ‘ಡ್ರೈವರ್ ಮ್ಯಾನೇಜರ್’ ತೆಗೆದು ಬ್ರಾಡ್‌ಕಾಮ್ ಡ್ರೈವರ್ ಆರಿಸ್ರಿ.

ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್ ತಡೆಯೋ ಬಯಾಸ್ ಸೆಟ್ಟಿಂಗ್) ಆನ್ ಇದ್ದರೆ ಅದು ಒಂದು ಪಾಸ್‌ವರ್ಡ್ ಕೇಳುತ್ತೆ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯ ಮೇಲೆ ಹತ್ತು ಸೆಕೆಂಡಿನ ಎಣಿಕೆ ಬರುತ್ತೆ, ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಹತ್ತು ಸೆಕೆಂಡ್ ತಪ್ಪಿಸಿಕೊಂಡರೆ ಡ್ರೈವರ್ ಇದ್ದೂ ಲೋಡ್ ಆಗಲ್ಲ. ‘ಡ್ರೈವರ್ ಹಾಕಿದೆ, ವೈಫೈ ಬರ್ತಿಲ್ಲ’ ಅನ್ನೋ ದೂರುಗಳಲ್ಲಿ ಬಹಳಷ್ಟು ಇದೇ.

ಕುಂದವಾಡ (ದಾವಣಗೆರೆ)

ಕನ್ನಡದ ಕಡೆ ನಾನು ಬರೀತೀನಿ, ಡಿಟಿಪಿಯವರಿಗೆ ಎಲ್ಲಕ್ಕಿಂತ ಮುಖ್ಯ ಇದೇ.

ಟೈಪಿಂಗಿಗೆ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಲೇಔಟ್ ಸೇರಿಸುವಾಗ ‘ಕನ್ನಡ, ಕಗಪ’ ಅಂತ ಇರೋದನ್ನ ಆರಿಸಬಹುದು. ನುಡಿಯಲ್ಲಿ ಕಲಿತ ಬೆರಳಿಗೆ ಕೀಲಿಗಳು ಅವೇ: ಟ ಅಕ್ಷರಕ್ಕೆ ಡಬ್ಲ್ಯೂ, ಡ ಅಕ್ಷರಕ್ಕೆ ಕ್ಯೂ, ಒತ್ತಿಗೆ ಎಫ್. ‘ಕನ್ನಡ’ ಅಂದರೆ ಕೆ, ಎನ್, ಎಫ್, ಎನ್, ಕ್ಯೂ. ಒಂದೇ ವ್ಯತ್ಯಾಸ: ಈ ಲೇಔಟಿಗೆ ಹಿಂದಿನ ಅಕ್ಷರ ಯಾವುದು ಅಂತ ಗೊತ್ತಾಗಲ್ಲ. ಹಾಗಾಗಿ ಪದದ ಮೊದಲಿಗೆ ಬರೋ ಇ, ಈ, ಉ, ಊ ಥರದ ಸ್ವರಕ್ಕೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು, ಇಲ್ಲದಿದ್ದರೆ ಗುಡಿಸು, ಕೊಂಬು ಒಂಟಿಯಾಗಿ ಬೀಳುತ್ತೆ. ಇದು ಕಿರಿಕಿರಿ ಅನ್ನಿಸಿದರೆ ಟೈಪಿಂಗ್ ನೋಡಿಕೊಳ್ಳೋ ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಬಂದು ‘ಕನ್ನಡ ಕೆಜಿಪಿ’ ಸೇರಿಸಿಕೊಳ್ಳಿ. ಲಾಗ್ಔಟ್ ಆಗದೆ ನೋಡಿದರೆ ಕೆಲಸ ಮಾಡೋದಿಲ್ಲ.

ಫಾಂಟಿಗೆ ‘ಫಾಂಟ್ಸ್-ಕೆಎನ್‌ಡಿಎ’ ಅನ್ನೋ ಒಂದು ಪ್ಯಾಕೇಜ್ ಸಾಕು: ಗುಬ್ಬಿ, ನವಿಲು, ಲೋಹಿತ್ ಮೂರೂ ಬರುತ್ತವೆ. ನೋಟೋ ಕನ್ನಡವನ್ನೂ ಇಟ್ಟುಕೊಳ್ಳಿ, ಸೆರಿಫ್ ಇರುವುದು ಲಗ್ನಪತ್ರಿಕೆಯ ಒಳಪುಟಕ್ಕೆ ಚೆನ್ನಾಗಿ ಕೂರುತ್ತೆ.

‘ರ‍್ಯಾಂಕ್’ ಅಂತ ಹೊಡೆದರೆ ರ ಮೇಲೆ ಯ ಒತ್ತು ಬರುವ ಬದಲು ಯ ಮೇಲೆ ಅರ್ಕಾವೊತ್ತು ಬರುತ್ತೆ ಅಂತ ಎಷ್ಟೋ ಜನ ಕೇಳ್ತಾರೆ. ರ ಆದ ಮೇಲೆ, ಎಫ್ ಒತ್ತುವ ಮುಂಚೆ, ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಅದರ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಇರೋ ಅಕ್ಷರ ಸಂಕೇತ) ಸಂಖ್ಯೆ 200ಡಿ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ ಆ ನಾಲ್ಕು ಗುರುತು ಹೊಡೆದು ಎಂಟರ್ ಕೊಡಿ. ‘ಸಾಫ್ಟ್‌ವೇರ್’ನಲ್ಲಿ ವ ಒತ್ತಾಗಿ ಕೆಳಗೆ ಹೋಗಬಾರದು ಅಂದರೆ ಒತ್ತಿನ ಎಫ್ ಆದ ಮೇಲೆ 200ಸಿ. ಒಂದರಲ್ಲಿ ಒತ್ತಿಗೆ ಮುಂಚೆ, ಇನ್ನೊಂದರಲ್ಲಿ ಒತ್ತಾದ ಮೇಲೆ. ಅದಲುಬದಲಾದರೆ ಫಲಿತಾಂಶ ಕೆಡುತ್ತೆ.

ಇನ್ನು ಹಳೇ ನುಡಿ ಫೈಲು. ಅವು ಯೂನಿಕೋಡ್ ಅಲ್ಲದಿದ್ದರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತಗಳು, ನುಡಿ ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಟಿಟಿಎಫ್ ಫೈಲುಗಳನ್ನ ತಂದು ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಲಿಬ್ರೆಆಫೀಸ್‌ನಲ್ಲಿ (ಎಂಎಸ್ ಆಫೀಸ್ ಥರದ ಉಚಿತ ತಂತ್ರಾಂಶ) ಸರಿಯಾಗೇ ತೆರೆಯುತ್ತವೆ, ಪ್ರಿಂಟೂ ಆಗುತ್ತವೆ. ಆದರೆ ಒಂದು ಎಚ್ಚರಿಕೆ, ಇದು ಯಾರ ಗಮನಕ್ಕೂ ಬರಲ್ಲ: ಫೈಲು ತಿದ್ದುವ ಮೊದಲು ‘ಆಟೋಕರೆಕ್ಟ್’ ಪೂರ್ತಿ ಆಫ್ ಮಾಡಿ. ವಾಕ್ಯದ ಮೊದಲ ಅಕ್ಷರವನ್ನ ಅದು ಇಂಗ್ಲಿಷ್ ಅಂದುಕೊಂಡು ದೊಡ್ಡಕ್ಷರ ಮಾಡುತ್ತೆ, ಉದ್ಧರಣ ಚಿಹ್ನೆಯನ್ನ ಬಾಗಿಸುತ್ತೆ. ನುಡಿ ಫಾಂಟಿನಲ್ಲಿ ಅದು ಬೇರೆಯೇ ಕನ್ನಡ ಅಕ್ಷರವಾಗಿ ಕೂರುತ್ತೆ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾಗಿ ಸಾವಿರ ಪ್ರತಿ ಅಚ್ಚಾದ ಮೇಲೆ ತಿಳಿದರೆ ಏನೂ ಮಾಡಲಾಗಲ್ಲ.

ಯೂನಿಕೋಡ್‌ಗೆ ಬದಲಾಯಿಸೋಕೆ ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ವಿಂಡೋಸ್ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ. ಬದಲಾಯಿಸಿದ ಮೇಲೆ ಮೂರು ಕಡೆ ಕಣ್ಣಿಡಿ: ಅರ್ಕಾವೊತ್ತು ಸರಿಯಾದ ಅಕ್ಷರದ ಮೇಲೆ ಇದೆಯಾ, ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡೊತ್ತಿನ ಪದ ಉಳಿದಿದೆಯಾ, ನಡುವೆ ಇದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸ ಅರ್ಥವಿಲ್ಲದ ಕನ್ನಡವಾಗಿದೆಯಾ. ಮೂಲ ಫೈಲನ್ನ ಅಳಿಸಬೇಡಿ.

ಮಂಡಿಪೇಟೆ (ದಾವಣಗೆರೆ)

ಮೇಡಂ, ಪೇಜ್‌ಮೇಕರ್, ಕೋರೆಲ್‌ಡ್ರಾ ಫೈಲುಗಳು? ಅಚ್ಚಿನವರಿಗೆ ಕಳಿಸೋದು ಅವೇ.

ಕುಂದವಾಡ (ದಾವಣಗೆರೆ)

ಲಿಬ್ರೆಆಫೀಸ್ ಡ್ರಾ ಎರಡನ್ನೂ ತೆರೆಯುತ್ತೆ, ಆದರೆ ಅಚ್ಚಿಗೆ ಕೊಡುವಷ್ಟು ಕರಾರುವಾಕ್ಕಾಗಿ ಅಲ್ಲ. ಒಳಗಿನ ಪಠ್ಯ, ಚಿತ್ರ ತೆಗೆದುಕೊಳ್ಳೋಕೆ ಆಗುತ್ತೆ ಅಷ್ಟೇ. ಹೊಸ ಕೆಲಸವನ್ನ ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಶುರು ಮಾಡಿ. 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತೆ. ಹಳೇ 1.4ರಲ್ಲಿ ಒತ್ತುಗಳು ಬಿಡಿಬಿಡಿಯಾಗುತ್ತಿದ್ದವು, ಅದನ್ನ ನೋಡಿ ಸ್ಕ್ರೈಬಸ್ ಬೇಡ ಅಂದವರು ಮತ್ತೆ ನೋಡಬೇಕು. ಇಂಕ್‌ಸ್ಕೇಪ್ ಚಿತ್ರಕ್ಕೆ, ಲೋಗೋಗೆ ಒಳ್ಳೇದು, ಆದರೆ ಅದು ಕೊಡೋ ಪಿಡಿಎಫ್‌ನಲ್ಲಿ ಬಣ್ಣ ಆರ್‌ಜಿಬಿ, ಅಂದರೆ ಪರದೆಯ ಬಣ್ಣ. ನಾಲ್ಕು ಬಣ್ಣದ ಆಫ್‌ಸೆಟ್ ಅಚ್ಚಿಗೆ ಸಿಎಂವೈಕೆ (ಶಾಯಿಯ ಬಣ್ಣ) ಬೇಕು, ಅದು ಸ್ಕ್ರೈಬಸ್‌ನಲ್ಲಿದೆ. ಚಿತ್ರವನ್ನ ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಪುಟವನ್ನ ಸ್ಕ್ರೈಬಸ್‌ನಲ್ಲಿ ಕಟ್ಟಿ, ಪಿಡಿಎಫ್‌ನಲ್ಲಿ ಫಾಂಟ್ ಒಳಗೊಳ್ಳಿಸಿ ಕೊಡಿ. ಪೇಜ್‌ಮೇಕರ್ ಫೈಲನ್ನೇ ಕೇಳುವ ಅಚ್ಚುಕೂಟಕ್ಕೆ ಹಳೇ ಡಿಸ್ಕಿನ ವಿಂಡೋಸ್ ಇರಲಿ, ಇಂಟರ್ನೆಟ್ ಕೇಬಲ್ ಕಿತ್ತಿಟ್ಟು ಬಳಸಿ.

ಜೋಗಿಮಟ್ಟಿ (ಚಿತ್ರದುರ್ಗ)

ಪ್ರಿಂಟರ್ ಬಗ್ಗೆ. ಎಪ್ಸನ್ ಎಲ್3110 ಸುಲಭ. ‘ಪ್ರಿಂಟರ್-ಡ್ರೈವರ್-ಇಎಸ್‌ಸಿಪಿಆರ್’ ಪ್ಯಾಕೇಜ್ ಇದ್ದರೆ ಕೇಬಲ್ ಚುಚ್ಚಿದ ಕೂಡಲೇ ಬರುತ್ತೆ. ಸ್ಕ್ಯಾನಿಂಗ್‌ಗೆ ಎಪ್ಸನ್‌ನವರದೇ ‘ಎಪ್ಸನ್ ಸ್ಕ್ಯಾನ್ 2’ ಹಾಕ್ರಿ.

ಎಚ್‌ಪಿ 1020ಕ್ಕೆ ಸ್ವಲ್ಪ ತಿಳುವಳಿಕೆ ಬೇಕು. ಈ ಪ್ರಿಂಟರ್ ತನ್ನ ಫರ್ಮ್‌ವೇರನ್ನ (ತಾನು ನಡೆಯೋಕೆ ಬೇಕಾದ ಪ್ರೋಗ್ರಾಂ) ಒಳಗೆ ಇಟ್ಟುಕೊಳ್ಳಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದನ್ನ ಕಳಿಸಬೇಕು. ಆ ಫೈಲು ಎಚ್‌ಪಿಲಿಪ್‌ನ (ಎಚ್‌ಪಿಯ ಲಿನಕ್ಸ್ ಡ್ರೈವರ್) ಪ್ಲಗಿನ್‌ನಲ್ಲಿರುತ್ತೆ. ಪ್ಲಗಿನ್ ಇಲ್ಲದಿದ್ದರೆ ಕ್ಯೂನಲ್ಲಿ ‘ಮುಗಿಯಿತು’ ಅಂತ ತೋರಿಸಿದರೂ ಹಾಳೆ ಬರಲ್ಲ. ಇಂಟರ್ನೆಟ್ ಇಟ್ಟುಕೊಂಡು ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ ಓಡಿಸಿ, ಆಮೇಲೆ ‘ಎಚ್‌ಪಿ-ಸೆಟಪ್’. ಪ್ಲಗಿನ್ ಆವೃತ್ತಿ ಮತ್ತು ಎಚ್‌ಪಿಲಿಪ್ ಆವೃತ್ತಿ ಎರಡೂ ಒಂದೇ ಇರಬೇಕು. ಎಚ್‌ಪಿಲಿಪ್ ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಇದ್ದಕ್ಕಿದ್ದಂತೆ ನಿಂತರೆ ಮತ್ತೆ ಪ್ಲಗಿನ್ ಓಡಿಸಿದರೆ ಸರಿಹೋಗುತ್ತೆ.

ಕ್ಯಾನನ್ 2900 ಮೇಲೆ ಹೊತ್ತು ಕಳೀಬೇಡ್ರಿ. ಅದರ ಕ್ಯಾಪ್ಟ್ ಡ್ರೈವರ್ ಬಹಳ ಹಳೇದು, 32 ಬಿಟ್ ಲೈಬ್ರರಿಗಳನ್ನ ಕೇಳುತ್ತೆ, ಇವತ್ತು ನಡೆದದ್ದು ಮುಂದಿನ ಅಪ್‌ಡೇಟಿಗೆ ನಿಲ್ಲುತ್ತೆ. ವಿಂಡೋಸ್ ಮಷೀನಿಗೆ ಹಾಕಿ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡರೆ ಆಯ್ತಲ್ಲ ಅನ್ನಿಸುತ್ತೆ, ಅದೂ ಆಗಲ್ಲ. ಹಂಚಿಕೊಂಡ ಪ್ರಿಂಟರಿಗೂ ಪುಟವನ್ನ ಅದರ ಭಾಷೆಗೆ ತಿರುಗಿಸೋ ಡ್ರೈವರ್ ಲಿನಕ್ಸ್ ಮಷೀನಿನಲ್ಲೇ ಬೇಕು. ಪಿಡಿಎಫ್ ಮಾಡಿ ಹಂಚಿಕೊಂಡ ಫೋಲ್ಡರಿಗೆ ಹಾಕಿ, ಟ್ಯಾಲಿ ಮಷೀನಿನಿಂದ ಪ್ರಿಂಟ್ ಕೊಡ್ರಿ.

ಎಲ್ಲಾ ಪ್ರಿಂಟರಿಗೂ ಒಂದು ಮಾತು: ಸೇರಿಸಿದ ತಕ್ಷಣ ಕಾಗದದ ಅಳತೆ ಎ4 ಇದೆಯಾ ನೋಡ್ರಿ. ‘ಲೆಟರ್’ ಅಂತ ಇದ್ದರೆ ಪಹಣಿ, ಅರ್ಜಿ ಪ್ರಿಂಟಿನಲ್ಲಿ ಕೊನೇ ಸಾಲು ಕತ್ತರಿಸಿ ಹೋಗುತ್ತೆ.

ಹರಿಹರ_ಸೇತುವೆ (ಹರಿಹರ)

ಟ್ಯಾಲಿ ಮಷೀನಿಗೂ ಲಿನಕ್ಸ್ ಹಾಕಿ ವೈನ್‌ನಲ್ಲಿ (ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಂ ನಡೆಸೋ ತಂತ್ರಾಂಶ) ಓಡಿಸಿದರೆ ಆಗಲ್ವಾ? ಮೂರೂ ಒಂದೇ ಥರ ಇದ್ದರೆ ನೋಡಿಕೊಳ್ಳೋದು ಸಲೀಸು.

ಚಂದ್ರವಳ್ಳಿ (ಚಿತ್ರದುರ್ಗ)

ಬೇಡ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ವೈನ್‌ನಲ್ಲಿ ಕಿಟಕಿ ತೆರೆದುಕೊಂಡಿತು ಅಂದ ಮಾತ್ರಕ್ಕೆ ಬೇರೆಯವರ ಲೆಕ್ಕದ ಪುಸ್ತಕವನ್ನ ಅದರ ಮೇಲೆ ಇಡೋ ಹಾಗಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿಯ ಬಿಲ್ಲು ನಿಂತರೆ ಯಾರು ಜವಾಬ್ದಾರಿ? ಡಿಜಿಟಲ್ ಸಹಿಯ ಟೋಕನ್‌ದೂ ಅದೇ. ಟೋಕನ್ನಿನ ಡ್ರೈವರ್ ಲಿನಕ್ಸಿಗೆ ಸಿಕ್ಕರೂ ನೀವು ಸಹಿ ಹಾಕೋ ವೆಬ್‌ಸೈಟಿನ ಸಹಿ ತಂತ್ರಾಂಶವೂ ಅದಕ್ಕೆ ಹೊಂದಬೇಕು. ಬೆರಳ ಗುರುತು ಓದೋ ಸಾಧನ ಬಳಸೋ ಕೇಂದ್ರಗಳಿಗೂ ನನ್ನ ಮಾತು ಇದೇ.

ಆ ಮಷೀನಿಗೆ ಮೈಕ್ರೋಸಾಫ್ಟ್ ಖಾತೆಯಿಂದ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಇದೆ. ಬ್ರೌಸಿಂಗ್, ಪೆನ್‌ಡ್ರೈವ್ ಎಲ್ಲಾ ಲಿನಕ್ಸ್ ಮಷೀನುಗಳಿಗೆ ಹೋಗಲಿ, ಟ್ಯಾಲಿ ಮಷೀನು ಟ್ಯಾಲಿಗಷ್ಟೇ ಇರಲಿ. ಗಿರಾಕಿಗಳು ತರೋ ಪೆನ್‌ಡ್ರೈವ್‌ನ ವಿಂಡೋಸ್ ವೈರಸ್‌ಗಳು ಲಿನಕ್ಸ್‌ನಲ್ಲಿ ತಾವಾಗಿ ಓಡಲ್ಲ, ಜೆರಾಕ್ಸ್ ಅಂಗಡಿಗೆ ಅದೇ ಎಷ್ಟೋ ನೆಮ್ಮದಿ.

ಶೇಂಗಾಬೀಜ (ಚಳ್ಳಕೆರೆ)

2 ಜಿಬಿ ರ‍್ಯಾಮಿನ ಕೋರ್ 2 ಡ್ಯುಯೋ ಇದೆ, ವಿಂಡೋಸ್ 7, 32 ಬಿಟ್. ಇದಕ್ಕೆ ಏನಾದ್ರೂ ಆಗುತ್ತಾ?

ಮಾರಿಕಣಿವೆ (ಹಿರಿಯೂರು)

ವಿಂಡೋಸ್ 32 ಬಿಟ್ ಇದ್ದರೂ ಕೋರ್ 2 ಡ್ಯುಯೋ ಪ್ರೊಸೆಸರ್ 64 ಬಿಟ್‌ದೇ. ಮಿಂಟ್ ಎಕ್ಸ್‌ಎಫ್‌ಸಿಇ ಏಳುತ್ತೆ. ಟೈಪಿಂಗ್‌ಗೆ ಅಡ್ಡಿಯಿಲ್ಲ. ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆಗೆದರೆ ಉಸಿರುಗಟ್ಟುತ್ತೆ. ರ‍್ಯಾಮ್ 4 ಮಾಡೋಕಾದರೆ ಮಾಡ್ರಿ.

ಮಂಡಿಪೇಟೆ (ದಾವಣಗೆರೆ)

ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡೂ ಆದವು. 1020 ಪ್ಲಗಿನ್ ಹಾಕಿದ ಮೇಲೆ ಬಂತು. ಉಳಿದಿರೋದು ಮೂರು: ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ. ನಿನ್ನೆ ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪ್ ಕಪ್ಪು ಪರದೆಯಲ್ಲಿ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಅಂತ ನಿಂತಿದೆ. ಬ್ಯಾಕಪ್ ಹೇಗೆ ಇಡೋದು?

ಜೋಗಿಮಟ್ಟಿ (ಚಿತ್ರದುರ್ಗ)

ಗಡಿಯಾರ: ಬೋರ್ಡಿನ ಗಡಿಯಾರವನ್ನ ಲಿನಕ್ಸ್ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಅಂತ ಓದುತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತೆ. ನಮ್ಮದು ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ವ್ಯತ್ಯಾಸ ಅಷ್ಟೇ ಬರೋದು ಅದಕ್ಕೇ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಎರಡೂ ಒಂದಾಗುತ್ತವೆ.

ಕಪ್ಪು ಪರದೆ: ಹೆದರಬೇಡ್ರಿ. ಬರೆಯೋ ನಡುವೆ ಕರೆಂಟ್ ಹೋಗಿ ಫೈಲ್‌ಸಿಸ್ಟಮ್ ತಾನೇ ಸರಿಮಾಡಿಕೊಳ್ಳೋಕೆ ಆಗದೆ ನಿಮ್ಮನ್ನ ಕೇಳ್ತಿದೆ. ‘ಎಕ್ಸಿಟ್’ ಅಂತ ಹೊಡೆದು ಎಂಟರ್ ಕೊಟ್ಟರೆ ಯಾವ ಪಾರ್ಟಿಷನ್‌ನಲ್ಲಿ ತೊಂದರೆ ಅಂತ ತೋರಿಸುತ್ತೆ. ಆಮೇಲೆ ‘ಎಫ್‌ಎಸ್‌ಸಿಕೆ’, ಜಾಗ ಬಿಟ್ಟು ‘-ವೈ’, ಜಾಗ ಬಿಟ್ಟು ಆ ಪಾರ್ಟಿಷನ್ ಹೆಸರು. ಮುಗಿದ ಮೇಲೆ ‘ರೀಬೂಟ್’. ಇದೇ ಪದೇ ಪದೇ ಬಂದರೆ ಕರೆಂಟಿನ ಮೇಲೆ ಹಾಕದೆ ಸಾಟಾ ಕೇಬಲ್ ಬದಲಾಯಿಸಿ, ‘ಡಿಸ್ಕ್ಸ್’ ಅಪ್ಲಿಕೇಷನ್‌ನಲ್ಲಿ ಸ್ಮಾರ್ಟ್ ವರದಿ (ಡಿಸ್ಕಿನ ಆರೋಗ್ಯದ್ದು) ನೋಡ್ರಿ.

600 ವಿಎ ಯುಪಿಎಸ್ ಒಂದು ಡೆಸ್ಕ್‌ಟಾಪಿಗೂ ಮಾನಿಟರಿಗೂ ಹತ್ತು ನಿಮಿಷ ಕೊಟ್ಟರೆ ಸಾಕು, ಸೇವ್ ಮಾಡಿ ಆಫ್ ಮಾಡೋಕೆ ಅಷ್ಟೇ ಬೇಕಿರೋದು. ಲೇಸರ್ ಪ್ರಿಂಟರನ್ನ ಮಾತ್ರ ಯುಪಿಎಸ್‌ಗೆ ಹಾಕಬೇಡ್ರಿ. ಅದರ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯೋ ಕರೆಂಟಿಗೆ ಯುಪಿಎಸ್ ಟ್ರಿಪ್ ಆಗಿ, ಉಳಿಸಬೇಕಾದ ಮಷೀನನ್ನೇ ಆಫ್ ಮಾಡುತ್ತೆ. ಲಿಬ್ರೆಆಫೀಸ್‌ನ ಆಟೋರಿಕವರಿ 10 ನಿಮಿಷಕ್ಕಿರುತ್ತೆ, 3 ಮಾಡ್ರಿ.

ಬ್ಯಾಕಪ್: ಮಿಂಟ್‌ನಲ್ಲಿರೋ ಟೈಮ್‌ಶಿಫ್ಟ್ ಇಡೋದು ಸಿಸ್ಟಮ್ಮನ್ನ, ನಿಮ್ಮ ಫೈಲನ್ನಲ್ಲ. ಹೋಮ್ ಫೋಲ್ಡರ್ ಅದರಲ್ಲಿ ಮೊದಲೇ ಹೊರಗಿಟ್ಟಿರುತ್ತೆ. ಗಿರಾಕಿಗಳ ಫೈಲಿಗೆ ಬೇರೆ ಎಕ್ಸ್‌ಟರ್ನಲ್ ಡಿಸ್ಕ್, ‘ಬ್ಯಾಕಪ್ ಟೂಲ್’ ಬಳಸಿ ದಿನಾ ಅಂಗಡಿ ಮುಚ್ಚೋ ಮುಂಚೆ. ಆ ಡಿಸ್ಕ್ ವಿಂಡೋಸಿನ ಎನ್‌ಟಿಎಫ್‌ಎಸ್ ಇದ್ದರೂ ನಡೆಯುತ್ತೆ, ಟೈಮ್‌ಶಿಫ್ಟ್‌ಗೆ ಮಾತ್ರ ಇಎಕ್ಸ್‌ಟಿ4 ಥರದ ಲಿನಕ್ಸ್ ಪಾರ್ಟಿಷನ್ನೇ ಬೇಕು.

ಮಂಡಿಪೇಟೆ (ದಾವಣಗೆರೆ)

ಎಫ್‌ಎಸ್‌ಸಿಕೆ ಆಯ್ತು, ಎದ್ದಿತು. ಫೈಲೆಲ್ಲಾ ಇವೆ. ಈಗ ಗ್ರಬ್ ಮೆನು ಮಾತ್ರ 30 ಸೆಕೆಂಡ್ ಸುಮ್ಮನೆ ನಿಲ್ತು, ಮುಂಚೆ ಹಾಗಿರಲಿಲ್ಲ.

ಮಾರಿಕಣಿವೆ (ಹಿರಿಯೂರು)

ಹಿಂದಿನ ಬೂಟ್ ಅರ್ಧಕ್ಕೆ ನಿಂತಿದ್ದರೆ ಗ್ರಬ್ ಹಾಗೆ ಕಾಯುತ್ತೆ, ರಿಕವರಿ ಆರಿಸಿಕೊಳ್ಳೋಕೆ ನಿಮಗೆ ಸಮಯ ಸಿಗಲಿ ಅಂತ. ಒಂದು ಸಲ ಸರಿಯಾಗಿ ಎದ್ದರೆ ಮುಂದಿನ ಸಲ ತಾನಾಗಿ ಮೊದಲಿನಂತೆ ಆಗುತ್ತೆ. ಅದನ್ನ ಕಡಿಮೆ ಮಾಡೋಕೆ ಹೋಗಬೇಡ್ರಿ, ಹಾಗೇ ಇರಲಿ.